ಮೂರು ಚಿಟಿಕೆ ಕಡಿಮೆ

ಬನಶಂಕರಿ ಬಸ್ ನಿಲ್ದಾಣದ ಹಿಂಭಾಗದಲ್ಲಿ, ಟಿಕೆಟ್ ಯಂತ್ರ ಇಡುವ ಕೋಣೆಗೂ ಶೌಚಾಲಯಕ್ಕೂ ನಡುವೆ, ಒಂದು ಸಾಮ್ರಾಜ್ಯವಿದೆ. ಉದ್ದ ಹದಿನಾಲ್ಕು ಅಡಿ, ಅಗಲ ಒಂಬತ್ತು. ಪ್ರಜೆಗಳೆಂದರೆ ಇನ್ನೂರಕ್ಕೆ ಮಿಕ್ಕಿದ ಕೊಡೆಗಳು, ಜೊತೆ ತಪ್ಪಿದ ಚಪ್ಪಲಿಗಳು, ಊಟದ ಡಬ್ಬಿಗಳು, ತಂತಿಯಿಲ್ಲದ ಒಂದು ತಂಬೂರಿ, ಮತ್ತು ಯಾರೋ ಹೊಸದಾಗಿ ಕೊಂಡು ಸೀಟಿನ ಮೇಲೇ ಮರೆತುಹೋದ ಕಮೋಡಿನ ಮುಚ್ಚಳ. ಇವರೆಲ್ಲರನ್ನು ಆಳುವ ಚಕ್ರವರ್ತಿ ಚನ್ನಬಸವಯ್ಯನವರು. ಸಂಬಳದ ಚೀಟಿಯಲ್ಲಿ ಮಾತ್ರ ಅವರನ್ನು ಗುಮಾಸ್ತ ಎಂದು ಬರೆದಿರುತ್ತಾರೆ. ಬಸ್ಸುಗಳಲ್ಲಿ ಜನ ಬಿಟ್ಟುಹೋದ ಸಾಮಾನನ್ನು ಕಾಯ್ದಿಟ್ಟು, ಹುಡುಕಿಕೊಂಡು ಬಂದವರಿಗೆ ಕೊಡುವುದು ಅವರ ಕೆಲಸ.

ಈ ಕೋಣೆಯ ಕೀರ್ತಿ ಮೆಜೆಸ್ಟಿಕ್ ದಾಟಿ ಯಲಹಂಕದವರೆಗೆ ಹಬ್ಬಿದ್ದಕ್ಕೆ ಕಾರಣ ರಿಜಿಸ್ಟರಿನ ಕೊನೆಯ ಕಾಲಂ. ಸಾಮಾನು ವಾರಸುದಾರನ ಕೈಸೇರಿದ ಮೇಲೆ ಅಲ್ಲಿ ಇಂಗ್ಲಿಷಿನಲ್ಲಿ ಒಂದು ಪದ ಬರೆಯಬೇಕು. ಹಿಂದಿದ್ದ ಗುಮಾಸ್ತರು ಮೇಲೊಂದು ಸಲ 'ರಿಟರ್ನ್ಡ್' ಎಂದು ಬರೆದು, ಕೆಳಗೆಲ್ಲ ಇರುವೆ ಸಾಲಿನಂತೆ ಎರಡೆರಡು ಗೀಟು ಎಳೆದು ನಿವೃತ್ತರಾದರು. ಚನ್ನಬಸವಯ್ಯನವರು ಅಧಿಕಾರ ವಹಿಸಿಕೊಂಡ ದಿನವೇ ಘೋರ ಪ್ರತಿಜ್ಞೆ ಮಾಡಿದರು: ಒಂದು ಪುಟದಲ್ಲಿ ಒಂದೇ ಪದ ಎರಡು ಸಲ ಬರಕೂಡದು. ಪ್ರತಿ ಸಾಮಾನೂ ಕಳೆಯುವ ಬಗೆ ಬೇರೆ, ಸಿಕ್ಕುವ ಬಗೆ ಬೇರೆ, ಹಾಗಿರುವಾಗ ಪದ ಮಾತ್ರ ಒಂದೇ ಹೇಗೆ?

ಉತ್ತರಹಳ್ಳಿ ಬಸ್ಸಿನ ನಾಟಿಕೋಳಿ ಕಟ್ಟು ಬಿಚ್ಚಿಕೊಂಡು ಕೊಡೆಗಳ ಮೇಲೆ ಎರಡು ಸುತ್ತು ಹಾರಾಡಿ ಸಿಕ್ಕಿಬಿದ್ದಾಗ 'ರೀಕ್ಯಾಪ್ಚರ್ಡ್' ಎಂದು ಬರೆದರು. ಹಲ್ಲಿನ ಸೆಟ್ಟು ಕಳೆದುಕೊಂಡಿದ್ದ ಮುದುಕರು ಅದನ್ನು ಕೌಂಟರಿನ ಮುಂದೆಯೇ ಬಾಯಿಗೆ ಹಾಕಿಕೊಂಡಾಗ 'ರೀಇನ್‌ಸ್ಟೇಟೆಡ್'. ಮಳೆಯಲ್ಲಿ ನೆಂದ ಮಾರ್ಕ್ಸ್ ಕಾರ್ಡಿಗೆ 'ಸಾಲ್ವೇಜ್ಡ್', ಇಬ್ಬರು ಜಗಳಾಡಿ ಒಬ್ಬರು ಗೆದ್ದ ಹೆಲ್ಮೆಟ್ಟಿಗೆ 'ರಿಕ್ಲೇಮ್ಡ್'. ಕಿವಿಯ ಯಂತ್ರ ಮರೆತಿದ್ದ ಅಜ್ಜಿಗೆ ಅದು ಸಿಕ್ಕ ಕ್ಷಣವೇ ಮಗ ಬೈಯುತ್ತಿರುವುದು ಕೇಳಿಸಿದ್ದರಿಂದ 'ರಿಸ್ಟೋರ್ಡ್' ಎಂದು ಬರೆದು, ಪಕ್ಕದಲ್ಲಿ ಸಣ್ಣದಾಗಿ 'ಪಾಪ' ಎಂದು ಸೇರಿಸಿದರು. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಆ ರಿಜಿಸ್ಟರು ತೆರೆದು, ನಾಲ್ಕನೇ ಪುಟಕ್ಕೆ ಡಿಕ್ಷನರಿ ಕೇಳಿ, ಏಳನೇ ಪುಟಕ್ಕೆ ನೀರು ಕೇಳಿ, ಕೊನೆಗೆ ಸಹಿ ಹಾಕದೆ ಎದ್ದುಹೋದರೆಂದು ಡ್ರೈವರುಗಳು ಈಗಲೂ ಹೇಳುತ್ತಾರೆ. ಅವರಿಗೆ ಮೂರು ದಿನ ಜ್ವರ ಬಂತೆಂಬುದು ಆಮೇಲೆ ಸೇರಿದ್ದಿರಬಹುದು. ಆದರೆ ಒಂದು ಮಾತು ಮಾತ್ರ ನಿಜ, ರಿಜಿಸ್ಟರೇ ಸಾಕ್ಷಿ: ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಯಿಂದ ಒಂದು ಸಾಮಾನೂ ಒಂದು ಗುಂಡಿಯಷ್ಟೂ ಕಡಿಮೆಯಾಗಿ ಹೊರಗೆ ಹೋಗಿಲ್ಲ.

ಇಂಥ ದಿಗ್ವಿಜಯಿಯ ಬಾಗಿಲಿಗೆ ಒಂದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಕಂಡಕ್ಟರ್ ಮನೋಜ್ ಬಂದು, ಹತ್ತಿ ಬಟ್ಟೆಯ ಚೀಲವೊಂದನ್ನು ಮೇಜಿನ ಮೇಲಿಟ್ಟ.

"ಗಿರಿನಗರದ ಗಾಡಿ ಸಾರ್. ಹಿಂದಿನ ಸೀಟಲ್ಲಿತ್ತು. ಉಪ್ಪಿನಕಾಯಿ ಇರ್ಬೇಕು. ಯಾರೂ ಬರ್ಲಿಲ್ಲಾಂದ್ರೆ ನಂಗೊಂದು ಪಾಲು ಎತ್ತಿಡಿ."

ಚೀಲದೊಳಗೆ ಅಂಗೈಯಗಲದ ಮಣ್ಣಿನ ಕುಡಿಕೆ. ಅದರ ಬಾಯಿಗೆ ಹಳೆಯ ಪಂಚೆಯ ತುಂಡು ಬಿಗಿದು ಕಟ್ಟಿತ್ತು. ತಿನ್ನುವ ಪದಾರ್ಥವಾದರೆ ಬಿಚ್ಚಿ ನೋಡಬೇಕೆಂಬುದು ನಿಯಮ. ಚನ್ನಬಸವಯ್ಯನವರು ಗಂಟು ಬಿಚ್ಚಿದರು, ಮೂಗು ಹತ್ತಿರ ತಂದರು. ಮಾವಿನಕಾಯಿಯ ವಾಸನೆಯಿಲ್ಲ, ಇಂಗಿನ ವಾಸನೆಯೂ ಇಲ್ಲ. ಒಳಗೆ ಬೂದಿ. ತಣ್ಣಗೆ, ತೆಳ್ಳಗೆ, ಬೆಳ್ಳಗೆ.

"ವಿಭೂತಿ!" ಎಂದರು. ಕಣ್ಣು ತಾನಾಗಿ ಮುಚ್ಚಿಕೊಂಡಿತು.

ಅವರ ತಪ್ಪಲ್ಲ. ಚನ್ನಬಸವಯ್ಯನವರ ಕಡೆ ತೀರಿಕೊಂಡವರನ್ನು ಸುಡುವುದಿಲ್ಲ. ಕೂರಿಸಿ, ವಿಭೂತಿ ಹಚ್ಚಿ, ಬಿಲ್ವಪತ್ರೆ ಹಾಕಿ, ಮಣ್ಣಿಗೆ ಒಪ್ಪಿಸುತ್ತಾರೆ. ಹೆಂಡತಿ ಜಯಶೀಲಾ ಹೋದಾಗಲೂ ಹಾಗೇ ಮಾಡಿದ್ದರು. ಐವತ್ತೆಂಟು ವರ್ಷದ ಬಾಳಿನಲ್ಲಿ ಶ್ರದ್ಧೆಯಿಂದ ಬಟ್ಟೆ ಕಟ್ಟಿಟ್ಟ ಬೂದಿ ಎಂದರೆ ಅವರಿಗೆ ಒಂದೇ ಅರ್ಥ. ಮೇಲಾಗಿ ಆ ದಿನ ಸೋಮವಾರ, ಮನೆಯಲ್ಲಿ ವಿಭೂತಿ ಗಟ್ಟಿ ತೀರಿಹೋಗಿತ್ತು, ಹಣೆ ಬೆಳಗಿನಿಂದ ಬರಿದಾಗಿತ್ತು. ಇದು ಶಿವನೇ ಗಿರಿನಗರದ ಬಸ್ಸಿನಲ್ಲಿ ಕಳಿಸಿದ ಪ್ರಸಾದವೆಂದು ಭಾವಿಸಿ ಒಂದು ಚಿಟಿಕೆ ತೆಗೆದು, ನೀರು ತಾಗಿಸಿ, ಮೂರು ಬೆರಳಿನಲ್ಲಿ ಎಡದಿಂದ ಬಲಕ್ಕೆ ಎಳೆದುಕೊಂಡರು. ವಾರಸುದಾರರು ಒಂದು ಚಿಟಿಕೆ ವಿಭೂತಿಗೆ ಬೇಡವೆನ್ನುವರೇ? ಸ್ವಲ್ಪ ಒರಟು ಅನ್ನಿಸಿತು. ಯಾವುದೋ ಹಳೆಯ ಮಠದ್ದಿರಬೇಕು, ಈಗಿನವರಂತೆ ನುಣ್ಣಗೆ ಜರಡಿ ಹಿಡಿದಿಲ್ಲ ಎಂದುಕೊಂಡರು.

ಮಂಗಳವಾರ ಇನ್ನೊಂದು ಚಿಟಿಕೆ.

ಆ ದಿನ ಕೋಣೆ ಯಾಕೋ ಸರಿಯಿರಲಿಲ್ಲ. ಫ್ಯಾನು ನಿಲ್ಲಿಸಿದರೂ ಚಳಿ. ಕಪಾಟುಗಳ ನಡುವಿನಿಂದ ಸೀಗೆಕಾಯಿಯ ವಾಸನೆ ಬಂದು ಹೋಗುತ್ತಿತ್ತು. ಡಬ್ಬಿ ಕೇಳಲು ಬಂದ ಹೆಂಗಸೊಬ್ಬಳ ಮಗು ಚನ್ನಬಸವಯ್ಯನವರ ಹಣೆಯನ್ನೇ ನೋಡಿ, ಯಾರನ್ನೋ ಗುರುತು ಹಿಡಿದಂತೆ ನಕ್ಕಿತು. ಕಿಟಕಿಯ ಹೊರಗೆ ಟೋಪಿ ಹಾಕಿದ, ಬರಿಗಾಲಿನ ಗಂಡಸೊಬ್ಬ ಬಹಳ ಹೊತ್ತು ನಿಂತು ಒಳಗೆ ನೋಡುತ್ತಿದ್ದ. "ಏನು ಬೇಕಿತ್ತು ಸಾರ್?" ಎಂದು ಕೇಳಿದ್ದಕ್ಕೆ ತುಟಿ ಅಲ್ಲಾಡಿಸಿದ, ಮಾತು ಹೊರಡಲಿಲ್ಲ, ಹೊರಟುಹೋದ. ಸಂಜೆ ಮತ್ತೆ ಬಂದ, ಮತ್ತೆ ಹಾಗೇ ನಿಂತು ನೋಡಿ ಹೋದ.

ಬುಧವಾರ ಬೆಳಿಗ್ಗೆ ಮೂರನೇ ಚಿಟಿಕೆಗೆ ಕೈ ಹಾಕಿದಾಗ ಬೆರಳಿಗೆ ಗಟ್ಟಿಯಾದ ಏನೋ ತಾಗಿತು. ಹೊರಗೆ ತೆಗೆದರು. ಸೀಮೆಸುಣ್ಣದ ತುಂಡಿನಂತೆ ಬೆಳ್ಳಗೆ, ಹಗುರಾಗಿ ಇತ್ತು. ಚಕ್ರವರ್ತಿಗಳ ಆನಂದಕ್ಕೆ ಪಾರವಿಲ್ಲ. ಹಣೆಗೆ ಮೂರು ಗೆರೆ ಎಳೆದುಕೊಂಡು, ಪಕ್ಕದ ಕೋಣೆಯಲ್ಲಿ ಟಿಕೆಟ್ ಯಂತ್ರಗಳ ಲೆಕ್ಕ ಇಡುವ ಶಾಂತಲಾ ಅವರನ್ನು ಕೂಗಿದರು.

"ಶಾಂತಲಾ ಮೇಡಂ, ಬನ್ನಿ ಇಲ್ಲಿ. ನಿಮ್ಮ ಕಡೆಯೋರು ಅಂಗಾರ, ಅಕ್ಷತೆ ಅಂತ ಬಡ್ಕೊತೀರಲ್ಲ, ಅಸಲಿ ಮಾಲು ಹೇಗಿರುತ್ತೆ ತೋರಿಸ್ತೀನಿ. ನೋಡಿ, ಪುಡಿಯೊಳಗೇ ಗಟ್ಟಿ!"

ಶಾಂತಲಾ ಜಯನಗರದ ನಾಲ್ಕನೇ ಬ್ಲಾಕಿನವರು. ಚನ್ನಬಸವಯ್ಯನವರ ಕಾಲೆಳೆಯುವ ಅವಕಾಶವನ್ನು ಬಿಟ್ಟುಕೊಟ್ಟವರೇ ಅಲ್ಲ. ನಗುತ್ತಲೇ ಒಳಗೆ ಬಂದರು. ಅಂಗೈ ಮೇಲಿನ ತುಂಡನ್ನು ನೋಡಿದರು, ಕುಡಿಕೆ ನೋಡಿದರು, ಬಿಚ್ಚಿಟ್ಟ ಪಂಚೆಯ ತುಂಡು ನೋಡಿದರು. ನಗು ಇಳಿಯಿತು. ಆಮೇಲೆ ಅವರ ಹಣೆ ನೋಡಿದರು.

"ಸಾರ್, ಇದನ್ನ ಎಷ್ಟು ದಿನದಿಂದ ಹಚ್ಕೋತಿದೀರಿ?"

"ಸೋಮವಾರದಿಂದ. ಯಾಕೆ, ನಿಮಗೂ ಬೇಕಾ?"

"ಕೆಳಗಿಡಿ ಸಾರ್. ಮೆಲ್ಲಗಿಡಿ. ಅದು ಗಟ್ಟಿ ಅಲ್ಲ. ನಮ್ಮಪ್ಪಂದು ಹೀಗೇ ಇತ್ತು."

"ಅಪ್ಪಂದು ಅಂದ್ರೆ?"

"ಮೂಳೆ ಸಾರ್."

ಹೊರಗೆ ಕತ್ರಿಗುಪ್ಪೆಯ ಬಸ್ಸೊಂದು ಹಿಂದಕ್ಕೆ ಹೋಗುತ್ತ 'ರೈಟ್, ರೈಟ್' ಅನ್ನಿಸಿಕೊಳ್ಳುತ್ತಿತ್ತು. ಹತ್ತೊಂಬತ್ತು ವರ್ಷ ಕೊಡೆಗಳ ಮೇಲೆ, ಕೋಳಿಯ ಮೇಲೆ, ಕಮೋಡಿನ ಮುಚ್ಚಳದ ಮೇಲೆ ರಾಜ್ಯವಾಳಿದವರು ಅಂಗೈಯನ್ನು ಬಟ್ಟಲಿನಂತೆ ಹಿಡಿದು ನಿಂತೇ ಇದ್ದರು. ಯಾರೋ ಒಬ್ಬರು ಅದರಲ್ಲಿ ಕೂತಿದ್ದರು.

"ಒಳಗಿಡೋ ಹಾಗಿಲ್ಲ ಸಾರ್," ಶಾಂತಲಾ ತಗ್ಗಿದ ದನಿಯಲ್ಲಿ ಹೇಳಿದರು. "ನೀರಿಗೆ ಬಿಡೋ ತನಕ ಹೊರಗೆ ಮರಕ್ಕೆ ಕಟ್ಟಬೇಕು. ಹತ್ತು ದಿನದೊಳಗೆ ಬಿಡಬೇಕು ಅಂತಾರೆ. ಇದು ಎಷ್ಟನೇ ದಿನವೋ ಯಾರಿಗೆ ಗೊತ್ತು?"

"ಬಿಡದೇ ಹೋದ್ರೆ?"

"ಅಲೀತಾ ಇರ್ತಾರೆ ಅಂತ ನಮ್ಮಜ್ಜಿ ಹೇಳೋಳು."

"ಎಲ್ಲಿ?"

ಶಾಂತಲಾ ಇನ್ನೊಮ್ಮೆ ಅವರ ಹಣೆಯ ಕಡೆ ನೋಡಿ, ಕಣ್ಣು ಬೇರೆ ಕಡೆ ತಿರುಗಿಸಿದರು.

ಚನ್ನಬಸವಯ್ಯನವರು ಮೂಳೆಯನ್ನು ಕುಡಿಕೆಯಲ್ಲಿಟ್ಟು, ಬಾಯಿಗೆ ಕರ್ಚೀಫು ಕಟ್ಟಿ, ನಿಲ್ದಾಣದ ಹಿಂದಿನ ಹೊಂಗೆ ಮರದ ಕೊಂಬೆಗೆ ತೂಗುಹಾಕಿದರು. ಆಮೇಲೆ ನಲ್ಲಿಯ ಬಳಿ ಹೋಗಿ ಹಣೆ ತೊಳೆದರು. ಇದು ಮುಖ ತೊಳೆಯುವುದೋ, ಯಾರನ್ನೋ ಮೋರಿಗೆ ಬಿಡುವುದೋ ಅವರಿಗೇ ಗೊತ್ತಾಗಲಿಲ್ಲ. ಅರ್ಧಕ್ಕೇ ನಿಲ್ಲಿಸಿದರು. ಒಂದೂವರೆ ಗೆರೆ ಉಳಿಯಿತು.

ಅಲ್ಲಿಂದ ಶುರುವಾಯಿತು. ಕುರ್ಚಿಯಲ್ಲಿ ಕೂತ ಹತ್ತು ನಿಮಿಷಕ್ಕೆ ಹಣೆಯ ಮೇಲೆ ತಣ್ಣನೆಯ ಬೆರಳೊಂದು ಎಡದಿಂದ ಬಲಕ್ಕೆ ಹಾದುಹೋಯಿತು. ಗಾಳಿ ಎಂದುಕೊಂಡರು. ಸ್ವಲ್ಪ ಹೊತ್ತಿಗೆ ಮತ್ತೆ, ಈ ಸಲ ನಿಧಾನವಾಗಿ, ಜ್ವರ ಇದೆಯೋ ಎಂದು ನೋಡುವವರ ಹಾಗೆ. ಕಪಾಟಿನ ಕೊಡೆಗಳೆಲ್ಲ ತಲೆ ಕೆಳಗಾಗಿ ತೂಗುತ್ತ ಅವರನ್ನೇ ನೋಡಿದವು. ಇವೆಲ್ಲ ಯಾರವು? ಮಳೆ ನಿಂತ ಮೇಲೆ ಮರೆತವರವೇ ಎಲ್ಲವೂ? ಕೇಳಿಕೊಂಡು ಬರಲು ಆಗದೇ ಹೋದವರು ಎಷ್ಟು ಜನ? ಇಷ್ಟು ವರ್ಷ ಹೊಳೆಯದಿದ್ದ ಪ್ರಶ್ನೆ ಈಗ ಹೊಳೆದು, ಹಾಡಹಗಲು ಹನ್ನೊಂದೂವರೆಗೆ ಚನ್ನಬಸವಯ್ಯನವರ ಬೆನ್ನಿನ ಮೇಲೆ ನಡೆದಾಡಿತು.

ಆ ಹೊತ್ತಿಗೆ ಜೆ.ಪಿ. ನಗರದ ಮೇಡಂ ಒಬ್ಬರು ಊಟದ ಡಬ್ಬಿ ಕೇಳಿಕೊಂಡು ಬಂದರು. ಚನ್ನಬಸವಯ್ಯನವರು ಡಬ್ಬಿ ಕೊಟ್ಟು ಪೆನ್ನು ಹಿಡಿದರು. ಪದ ಬರಲಿಲ್ಲ. ರಿ ಎಂದು ಬರೆದರು, ಮುಂದಿನದು ಬರಲಿಲ್ಲ. ಮಗಳು ಮೇಘಶ್ರೀ ಹುಟ್ಟುಹಬ್ಬಕ್ಕೆ ಕೊಟ್ಟ ದಪ್ಪನೆಯ ಪದಕೋಶ ತೆರೆದರು. ರಿಕವರ್, ರಿಗೇನ್, ರಿಟ್ರೀವ್, ರಿಡೀಮ್. ತಮ್ಮ ಸೈನ್ಯವೇ, ಆದರೆ ಒಂದೊಂದನ್ನೂ ಓದಿದಾಗ ಅದು ಗುರುತಿಲ್ಲದ ಮುಖ ಮಾಡಿಕೊಂಡು ನಿಂತಿತು. ಕಳೆದದ್ದು ಮತ್ತೆ ಸಿಕ್ಕುತ್ತದೆಂದು ಇಷ್ಟೊಂದು ಪದಗಳು ಇಷ್ಟು ಧೈರ್ಯವಾಗಿ ಹೇಳುತ್ತವಲ್ಲ, ಇವಕ್ಕೆ ಯಾರು ಹೇಳಿಕೊಟ್ಟರು? ಪುಸ್ತಕ ಮುಚ್ಚಿಬಿಟ್ಟರು.

ಮಗಳಿಗೆ ಫೋನು ಮಾಡಿದರು.

"ಮೇಘಾ, ನಿನ್ನೆ ಮೊನ್ನೆ ನಾನು ಮುಖ ಒರೆಸಿದ ಟವೆಲ್ಲು ಎಲ್ಲಿ?"

"ಮಷೀನಿಗೆ ಹಾಕ್ದೆ ಅಪ್ಪಾ. ಯಾಕೆ?"

"ಒಗೆದುಬಿಟ್ಟೆಯಾ?"

"ಮಷೀನಿಗೆ ಹಾಕಿದ್ಮೇಲೆ ಇನ್ನೇನು, ಓದಕ್ಕೆ ಬಿಡ್ತಾರಾ? ಆ ಬೂದಿ ಕಲೆ ಹೋಗ್ಲಿಲ್ಲ, ಎರಡು ಸಲ ಒಗೆದೆ. ಏನಾಯ್ತು, ಧ್ವನಿ ಯಾಕೆ ಹಾಗಿದೆ?"

"ಏನಿಲ್ಲಮ್ಮ," ಎಂದು ಇಟ್ಟರು. ಕುಮಾರಸ್ವಾಮಿ ಲೇಔಟಿನ ಪೈಪಿನಿಂದ ಚರಂಡಿಗೆ, ಅಲ್ಲಿಂದ ರಾಜಕಾಲುವೆಗೆ. ಈ ಊರಿನಲ್ಲಿ ಯಾವ ಕಾಲುವೆ ಯಾವ ಕೆರೆಗೆ ಹೋಗುತ್ತದೋ ಬಲ್ಲವರಿಲ್ಲ. ಕಡಿಮೆಯಾದ ಮೂರು ಚಿಟಿಕೆಯನ್ನು ಇನ್ನು ಯಾವ ಕಂಡಕ್ಟರೂ ತಂದು ಮೇಜಿನ ಮೇಲಿಡುವುದಿಲ್ಲ. ಕುಡಿಕೆಯಲ್ಲಿ ಉಳಿದವರನ್ನಾದರೂ ನೀರಿಗೆ ಬಿಡುವ ದಿನ ದಾಟುವ ಮೊದಲು ಮನೆಯವರಿಗೆ ಮುಟ್ಟಿಸಬೇಕು. ಮುಟ್ಟಿಸುವಾಗ ನಿಜ ಹೇಳಲೂಬೇಕು.

ಬಿಚ್ಚಿಟ್ಟ ಪಂಚೆಯ ತುಂಡನ್ನು ಬೆಳಕಿಗೆ ಹಿಡಿದರು. ಅಂಚಿನಲ್ಲಿ ಅಳಿಸದ ಕರಿಶಾಯಿಯಿಂದ ಎರಡು ಗೆರೆ, ಒಂದು ಚುಕ್ಕಿ, ಒಂದು ಕೊಕ್ಕೆ. ಬಟ್ಟೆ ಬೆರೆಯದಿರಲೆಂದು ಲಾಂಡ್ರಿಯವರು ಹಾಕುವ ಗುರುತು. ಶಾಸನ ಓದುವವರಿಗೆ ಹಳಗನ್ನಡ ಹೇಗೋ, ಚನ್ನಬಸವಯ್ಯನವರಿಗೆ ಲಾಂಡ್ರಿ ಗುರುತು ಹಾಗೆ. ಎಷ್ಟೋ ಚೀಲಗಳ ಮನೆ ಪತ್ತೆಯಾದದ್ದು ಅದರಿಂದಲೇ. ಅರ್ಧ ದಿನ ರಜೆ ಬರೆದುಕೊಟ್ಟು, ಮರದಿಂದ ಕುಡಿಕೆ ಇಳಿಸಿ ಚೀಲದಲ್ಲಿಟ್ಟು, ರಿಜಿಸ್ಟರು ಕಂಕುಳಲ್ಲಿಟ್ಟುಕೊಂಡು ಗಿರಿನಗರದ ಬಸ್ಸು ಹತ್ತಿದರು. ಕುಡಿಕೆಯನ್ನು ಕಿಟಕಿಯ ಪಕ್ಕದ ಸೀಟಿನ ಮೇಲಿಟ್ಟು, ಬೀಳದಂತೆ ಕೈ ಹಿಡಿದು ಕೂತರು.

ಕಂಡಕ್ಟರ್ ಹೊಸಬ. "ಅಂಕಲ್, ಸೀಟ್ ಮೇಲೆ ಲಗೇಜ್ ಇಡಂಗಿಲ್ಲ. ಇಟ್ರೆ ಟಿಕೆಟ್ ತಗೋಬೇಕು."

"ಹೆಂಗಸ್ರಪ್ಪಾ," ಎಂದರು ಚನ್ನಬಸವಯ್ಯನವರು. ಅದು ತಮಗೆ ಹೇಗೆ ಗೊತ್ತೆಂದು ಹೊಳೆದು ಅವರಿಗೇ ಮೈ ಜುಮ್ಮೆಂದಿತು. "ಹೆಂಗಸ್ರಿಗೆ ಫ್ರೀ ಅಲ್ವಾ?"

ಕಂಡಕ್ಟರ್ ಅವರ ಹಣೆಯ ಒಂದೂವರೆ ಗೆರೆ ನೋಡಿದ, ಕಣ್ಣು ನೋಡಿದ, ವಾದಿಸದೆ ಮುಂದಿನ ಬಾಗಿಲಿನ ತನಕ ಹೋಗಿ ನಿಂತ.

ಗಿರಿನಗರದ ಮೂರನೇ ಲಾಂಡ್ರಿಯಲ್ಲಿ, ಇದ್ದಿಲಿನ ಇಸ್ತ್ರಿಪೆಟ್ಟಿಗೆ ಇನ್ನೂ ಬಿಡದ ಕಿಟ್ಟಿ ಗುರುತು ಓದಿದ.

"ಇದು ನಮ್ಮಪ್ಪನ ಕೈಬರಹ ಸಾರ್. ಸರಸ್ವತಮ್ಮನೋರ ಮನೆ ಬಟ್ಟೆ. ಪಾಪ, ಹೋದ ಶನಿವಾರ ತೀರ್ಕೊಂಡ್ರು." ಪೆಟ್ಟಿಗೆ ಪಕ್ಕಕ್ಕಿಟ್ಟ. "ಅವರ ಮಗ ರಾಮಪ್ರಸಾದ್ ಸಾರ್ ಬ್ಯಾಂಕಲ್ಲಿದಾರೆ. ಮೊನ್ನೆ ಬಂದು ಒಂದು ಡಬ್ಬಿ ಇದ್ದಿಲ ಬೂದಿ ಕೊಡಪ್ಪಾ ಅಂದ್ರು. ಯಾಕೆ ಸಾರ್ ಅಂದೆ. ಗಿಡಕ್ಕೆ ಅಂದ್ರು. ತಾಯಿ ಹೋದ ಮೂರನೇ ದಿನಕ್ಕೆ ಯಾರು ಸಾರ್ ಗಿಡಕ್ಕೆ ಗೊಬ್ಬರ ಹಾಕ್ತಾರೆ?"

ಮನೆ ಅದೇ ರಸ್ತೆಯ ಕೊನೆಯಲ್ಲಿತ್ತು. ಅಂಗಳದ ಸಂಪಿಗೆ ಮರಕ್ಕೆ ಒಂದು ಕುಡಿಕೆ ಕಟ್ಟಿತ್ತು. ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದವನನ್ನು ಕಂಡು ಚನ್ನಬಸವಯ್ಯನವರ ಕಾಲು ನಿಂತಿತು: ಕಿಟಕಿಯಲ್ಲಿ ಎರಡು ಸಲ ಕಂಡ ಬರಿಗಾಲಿನ ಗಂಡಸು. ಟೋಪಿಯಿರಲಿಲ್ಲ, ತಲೆ ಬೋಳಾಗಿತ್ತು.

ಅವನೂ ಇವರನ್ನು ಗುರುತು ಹಿಡಿದ. ಚೀಲ ನೋಡಿದ. ಏಳಲು ಹೋಗಿ ಮತ್ತೆ ಕೂತುಬಿಟ್ಟ.

"ಮೆಲ್ಲಗೆ ಮಾತಾಡಿ ಸಾರ್," ಎಂದ. "ಅಕ್ಕ ಶಿವಮೊಗ್ಗದಿಂದ ಬಂದಿದಾಳೆ, ಒಳಗಿದಾಳೆ. ಅವಳಿಗೆ ಗೊತ್ತಿಲ್ಲ. ಚಿತಾಗಾರದಿಂದ ತರುವಾಗ ಆಟೋದೋರು ಯಾರೂ ಬರ್ಲಿಲ್ಲ, ಬಸ್ ಹತ್ತಿದೆ. ಪುರೋಹಿತರ ಫೋನ್ ಬಂತು, ಪಟ್ಟಿ ಬರ್ಕೋತಾ ಬರ್ಕೋತಾ ಸ್ಟಾಪ್ ಬಂದ್ಬಿಡ್ತು. ಎಳ್ಳು, ದರ್ಭೆ, ತುಪ್ಪ, ಎಲ್ಲಾ ಚೀಟಿಗೆ ಇಳಿಸ್ಕೊಂಡೆ. ಅಮ್ಮನನ್ನ ಸೀಟಲ್ಲೇ ಬಿಟ್ಟೆ." ಸಂಪಿಗೆ ಮರದ ಕಡೆ ಕೈ ತೋರಿಸಿದ. "ನಾಳೆ ಬೆಳಿಗ್ಗೆ ಶ್ರೀರಂಗಪಟ್ಟಣಕ್ಕೆ ಅದನ್ನ ತಗೊಂಡು ಹೋಗೋದಿತ್ತು. ಕಿಟ್ಟಿಯ ಇದ್ದಿಲನ್ನ ಕಾವೇರಿಗೆ ಬಿಟ್ಟು, ಕೈ ಮುಗಿದು, ಅಕ್ಕನ ಮುಂದೆ ಅಳೋದಿತ್ತು."

"ನಮ್ಮ ಕೋಣೆಗೆ ಬಂದ್ರಲ್ಲ ಸಾರ್, ಕೇಳಬಹುದಿತ್ತು."

"ಏನಂತ ಕೇಳ್ಲಿ? ಎಲ್ಲರೂ ಕೊಡೆ, ಡಬ್ಬಿ ಅಂತಿದ್ರು. ಸೂತಕ ಬೇರೆ. ಒಳಗೆ ನೋಡಿದ್ರೆ ನೀವು ಹಣೆ ತುಂಬಾ ವಿಭೂತಿ ಹಚ್ಕೊಂಡು ಕೂತಿದ್ರಿ. ಇಷ್ಟು ಮಡಿವಂತರ ಹತ್ರ ಈ ಮಾತು ಹೇಗೆ ಎತ್ತೋದು ಅಂತ ವಾಪಸ್ ಬಂದೆ."

ಚನ್ನಬಸವಯ್ಯನವರು ಸಂಪಿಗೆಯ ಬುಡಕ್ಕೆ ಒರಗಿಕೊಂಡರು. ಸುಳ್ಳು ಹೇಳಲು ಎಲ್ಲ ಅನುಕೂಲವೂ ಇತ್ತು. ಕುಡಿಕೆಯೊಳಗೆ ಅಳತೆಗೆ ಗೆರೆಯಿಲ್ಲ, ಸಾಕ್ಷಿಗೆ ಶಾಂತಲಾ ಬಿಟ್ಟರೆ ಯಾರೂ ಇಲ್ಲ.

"ಅದು ವಿಭೂತಿ ಅಲ್ಲ ಸಾರ್," ಎಂದರು. "ನಮ್ಮಲ್ಲಿ ಸುಡೋ ಪದ್ಧತಿ ಇಲ್ಲ, ನಂಗೆ ಗೊತ್ತಾಗ್ಲಿಲ್ಲ. ವಿಭೂತಿ ಅಂದ್ಕೊಂಡೆ. ಸೋಮವಾರ, ಮಂಗಳವಾರ, ಇವತ್ತು ಬೆಳಿಗ್ಗೆ. ಎರಡು ಟವೆಲ್ಲಿಗೆ ಹೋಯ್ತು. ಇವತ್ತಿಂದು ಅರ್ಧ ನಲ್ಲಿ ನೀರಿಗೆ ಹೋಯ್ತು, ಅರ್ಧ ಇನ್ನೂ ಇಲ್ಲೇ ಇದೆ."

ಹಣೆ ಮುಂದಕ್ಕೆ ಬಾಗಿಸಿದರು, ಹೊಡೆಯುವುದಾದರೆ ಹೊಡೆಯಲಿ ಎನ್ನುವಂತೆ.

ರಾಮಪ್ರಸಾದ ಆ ಹಣೆಯನ್ನು ನೋಡಿದ. ಒಳಗೆ ಅಕ್ಕ ಪಾತ್ರೆ ಜೋಡಿಸುವ ಸದ್ದು ಕೇಳಿಸುತ್ತಿತ್ತು.

"ಅಂದ್ರೆ ನಿನ್ನೆ ಎರಡು ಸಲ," ಎಂದ, "ಕಿಟಕಿ ಹೊರಗೆ ನಿಂತು ಅಮ್ಮನನ್ನೇ ನೋಡ್ತಿದ್ದೆ. ನೋಡಿ, ಇಲ್ಲಿಲ್ಲ ಅಂತ ವಾಪಸ್ ಬಂದೆ."

ಎದ್ದು ಬಂದು, ಹೆಗಲ ಮೇಲಿನ ಉತ್ತರೀಯದ ತುದಿ ಒದ್ದೆ ಮಾಡಿ, ಚನ್ನಬಸವಯ್ಯನವರ ಹಣೆಯ ಒಂದೂವರೆ ಗೆರೆಯನ್ನು ತಾನೇ ಒರೆಸಿದ. ಮಗುವಿನ ಮುಖ ಒರೆಸುವ ಹಾಗೆ, ಎಡದಿಂದ ಬಲಕ್ಕೆ. ಆ ತುದಿಯನ್ನು ಹರಿದು ಕುಡಿಕೆಯೊಳಗಿಟ್ಟ. ಮರದ ಮೇಲಿದ್ದ ಕಿಟ್ಟಿಯ ಬೂದಿಯನ್ನು ಸಂಪಿಗೆಯ ಬುಡಕ್ಕೆ ಸುರಿದ, ಕೊನೆಗೂ ಅದು ಗಿಡಕ್ಕೇ ಬಿತ್ತು. ಅಮ್ಮನನ್ನು ಕೊಂಬೆಗೆ ಕಟ್ಟಿದ.

ಚನ್ನಬಸವಯ್ಯನವರು ರಿಜಿಸ್ಟರು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. ಕೊನೆಯ ಕಾಲಂ ಖಾಲಿ. ಓಡಿಹೋಗಿದ್ದ ಸೈನ್ಯವೆಲ್ಲ ಈಗ ಮರಳಿ ಬಂದು, ನನ್ನನ್ನು ಬರೆ, ನನ್ನನ್ನು ಬರೆ ಎಂದು ಪೆನ್ನಿನ ತುದಿಗೆ ಮುತ್ತಿತು. ಒಂದನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. 'ಮೂರು ಚಿಟಿಕೆ ಕಡಿಮೆ' ಎಂದು ಕನ್ನಡದಲ್ಲಿ ಬರೆದು, ಒರೆಸಿದ ಅರ್ಧ ವಾಪಸ್ ಬಂತಲ್ಲ, ಎರಡೂವರೆ ಎಂದು ತಿದ್ದಲೋ ಎಂದು ಯೋಚಿಸಿ, ಬೇಡವೆಂದು ಹಾಗೇ ಬಿಟ್ಟು, ಪುಸ್ತಕವನ್ನು ರಾಮಪ್ರಸಾದನ ಮುಂದೆ ಹಿಡಿದರು.

ಅವನು ಪೆನ್ನು ತೆಗೆದುಕೊಂಡ, ಆದರೆ ಬರೆಯಲಿಲ್ಲ.

"ಮೂರು ದಿನ ನಿಮ್ಮ ಹತ್ರ ಇದ್ಲು," ಎಂದ. "ಕೊನೇಲಿ ನಂಗೇನೂ ಹೇಳ್ದೆ ಹೋದ್ಲು ಸಾರ್. ನಿಮಗೆ ಏನಾದ್ರೂ ಅನ್ನಿಸ್ತಾ? ಹಣೆ ಮೇಲೆ ಇದ್ದಾಗ, ಏನಾದ್ರೂ?"

ಚನ್ನಬಸವಯ್ಯನವರು ಮರದ ಕಡೆ ನೋಡಿದರು. ಗಾಳಿಯಿರಲಿಲ್ಲ. ಕುಡಿಕೆ ಒಂದಿಷ್ಟೂ ಅಲುಗದೆ ಜೋತುಬಿದ್ದಿತ್ತು.

"ಸ್ವಲ್ಪ ತುರಿಸ್ತಿತ್ತು ಸಾರ್," ಎಂದರು. "ಇಲ್ಲಿ ಸೈನ್ ಹಾಕಿ."